ದಾಳಿಗಾರನ ಶ್ರೇಷ್ಠ ಋತು: ತುಲನೆಯ ಮಾನದಂಡಗಳು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಚರಿತ್ರೆಯನ್ನು ಅಭ್ಯಸಿಸುವವರಿಗೆ ವೀರಗಲ್ಲುಗಳು ಅಪರಿಚಿತವಲ್ಲ. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ತುರುಗಾಳಗದಲ್ಲಿ ಮಡಿದ ವೀರರ ಕಲ್ಲುಗಳು ಹೇರಳವಾಗಿವೆ. ಆ ಕಲ್ಲುಗಳು ಒಬ್ಬನ ಒಂದು ಕಾರ್ಯವನ್ನು ಹೇಳುತ್ತವೆ. ಇಬ್ಬರು ವೀರರಲ್ಲಿ ಯಾರು ಮಿಗಿಲೆಂಬ ಪ್ರಶ್ನೆಯನ್ನು ಎತ್ತುವುದಿಲ್ಲ. ನಮ್ಮ ಕಾಲದ ಕ್ರೀಡಾಚರಿತ್ರೆಯಾದರೋ ಈ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ನಡೆಯುತ್ತದೆ. ಅದಕ್ಕೆ ಉತ್ತರ ಹೇಳುವ ಕ್ರಮವೆಂತಹುದು ಎಂಬುದನ್ನು ಕಬಡ್ಡಿಯ ಉದಾಹರಣೆಯಿಂದ ಇಲ್ಲಿ ಪರಿಶೀಲಿಸುವೆವು.

ತೆಲುಗರು ಚೆಡುಗುಡುವೆಂದೂ ತಮಿಳರು ಸಡುಗುಡುವೆಂದೂ ಕರೆಯುವ ಈ ಆಟ ಬಹು ಹಳೆಯದು. ಆದರೆ ಅದಕ್ಕೆ ವ್ಯವಸ್ಥಿತ ರೂಪ ಬಂದುದು ಈಚೆಗೆ. 1936ರ ಬರ್ಲಿನ್ ಒಲಿಂಪಿಕ್ ಸಂದರ್ಭದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಲದವರು ಇದನ್ನು ಪ್ರದರ್ಶಿಸಿದರು. 1950ರಲ್ಲಿ ಅಖಿಲ ಭಾರತ ಕಬಡ್ಡಿ ಫೆಡರೇಷನ್ ಸ್ಥಾಪಿತವಾಯಿತು. 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಲ್ಲಿ ಇದು ಪದಕದ ಆಟವಾಯಿತು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ಪ್ರತಿಯೊಂದು ದಾಳಿಯ ಅಂಕವೂ ಎಲ್ಲರಿಗೂ ದೊರೆಯುವ ಲೆಕ್ಕವಾಯಿತು. ತುಲನೆ ಸಾಧ್ಯವಾದುದು ಈ ಲೆಕ್ಕದಿಂದಲೇ.

ಮೊದಲು ಅಂಕಗಳನ್ನು ನೋಡೋಣ. 2017ರ ಐದನೆಯ ಆವೃತ್ತಿಯಲ್ಲಿ ಪಾಟ್ನಾ ಪೈರೇಟ್ಸ್ ತಂಡದ ಪ್ರದೀಪ್ ನರ್ವಾಲ್ 26 ಪಂದ್ಯಗಳಲ್ಲಿ 369 ದಾಳಿ ಅಂಕಗಳನ್ನು ಗಳಿಸಿದರು. ಬೆಂಗಳೂರು ಬುಲ್ಸ್ ತಂಡದ ಪವನ್ ಸೆಹ್ರಾವತ್ 2018ರಲ್ಲಿ ಆರಂಭವಾದ ಆರನೆಯ ಆವೃತ್ತಿಯಲ್ಲಿ 24 ಪಂದ್ಯಗಳಿಂದ 271, 2019ರ ಏಳನೆಯ ಆವೃತ್ತಿಯಲ್ಲಿ ಅಷ್ಟೇ ಪಂದ್ಯಗಳಿಂದ 346 ದಾಳಿ ಅಂಕಗಳನ್ನು ಪಡೆದರು. ಒಟ್ಟು ಮೊತ್ತದಲ್ಲಿ ಪ್ರದೀಪರದೇ ಮೇಲುಗೈ. ಆದರೆ ಪಂದ್ಯವೊಂದಕ್ಕೆ ಸರಾಸರಿ ಕಟ್ಟಿದರೆ ಪ್ರದೀಪರದು 14.19, ಪವನರ 2019ರ ಸಾಧನೆ 14.42. ಮಾನದಂಡ ಬದಲಾದೊಡನೆ ಅಗ್ರಸ್ಥಾನವೂ ಬದಲಾಯಿತು.

ಇದು ನಮ್ಮ ಆಟಕ್ಕೆ ಮಾತ್ರ ಒದಗಿದ ತೊಡಕಲ್ಲ. ಅಮೆರಿಕದ ಫುಟ್ಬಾಲಿನಲ್ಲಿ ಚೆಂಡನ್ನು ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡುವ ಆಟಗಾರನನ್ನು ರನ್ನಿಂಗ್ ಬ್ಯಾಕ್ ಎನ್ನುತ್ತಾರೆ. 1973ರಲ್ಲಿ ಬಫಲೋ ತಂಡದ ಓ.ಜೆ. ಸಿಂಪ್ಸನ್ 14 ಪಂದ್ಯಗಳಲ್ಲಿ 2003 ಗಜ ಓಡಿದರು. 1984ರಲ್ಲಿ ಲಾಸ್ ಏಂಜಲಿಸ್ ರಾಮ್ಸ್ ತಂಡದ ಎರಿಕ್ ಡಿಕರ್ಸನ್ 2105 ಗಜ ಓಡಿ ದಾಖಲೆಯನ್ನು ಮುರಿದರು. ಆದರೆ ಆ ವೇಳೆಗೆ ಋತುವಿನ ಪಂದ್ಯಗಳು 16ಕ್ಕೆ ಏರಿದ್ದವು. ಸಿಂಪ್ಸನ್ನರ ಮೊತ್ತವನ್ನು ಅವರು ಮೀರಿದುದು 15ನೆಯ ಪಂದ್ಯದಲ್ಲಿ. ಪಂದ್ಯವೊಂದಕ್ಕೆ ಸಿಂಪ್ಸನ್ನರದು 143.1 ಗಜ, ಡಿಕರ್ಸನ್ನರದು 131.6 ಗಜ. ಅಲ್ಲಿಯೂ ಮೊತ್ತ ಒಬ್ಬರ ಕಡೆಗೆ, ಸರಾಸರಿ ಇನ್ನೊಬ್ಬರ ಕಡೆಗೆ.

ಹಾಗಾದರೆ ಸರಾಸರಿಯೇ ನ್ಯಾಯವಾದ ಅಳತೆಯೆ? ಅದನ್ನೂ ಒರೆಗೆ ಹಚ್ಚಬೇಕು. 2019ರ ಅಕ್ಟೋಬರ್ 2ರಂದು ಹರಿಯಾಣ ಸ್ಟೀಲರ್ಸ್ ವಿರುದ್ಧ ಪವನ್ ಒಂದೇ ಪಂದ್ಯದಲ್ಲಿ 39 ದಾಳಿ ಅಂಕಗಳನ್ನು ಗಳಿಸಿದರು. ಪ್ರದೀಪರೂ 2017ರಲ್ಲಿ ಅದೇ ತಂಡದ ವಿರುದ್ಧ 34 ಅಂಕಗಳನ್ನು ಗಳಿಸಿದ್ದರು. ಇಬ್ಬರ ಲೆಕ್ಕದಿಂದಲೂ ಈ ಒಂದೊಂದು ಪಂದ್ಯವನ್ನು ತೆಗೆದಿಟ್ಟರೆ ಪ್ರದೀಪರ ಸರಾಸರಿ 13.40, ಪವನರದು 13.35. ಮೇಲುಗೈ ಮತ್ತೆ ಪ್ರದೀಪರದಾದರೂ ಅಂತರ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಒಂದೇ ದಿನದ ಅಸಾಧಾರಣ ಆಟದ ಮೇಲೆ ನಿಂತಿರುವ ಅಂತರವನ್ನು ಇಡೀ ಋತುವಿನ ಶ್ರೇಷ್ಠತೆಗೆ ಪ್ರಮಾಣವೆನ್ನುವುದು ಉಚಿತವಲ್ಲ.

ಇನ್ನೊಂದು ಸಂಗತಿಯನ್ನು ಅಂಕಪಟ್ಟಿ ಮರೆಮಾಡುತ್ತದೆ. ಕಬಡ್ಡಿಯಲ್ಲಿ ಸಿಕ್ಕಿಬಿದ್ದ ದಾಳಿಗಾರ ಅಂಕಣದ ಹೊರಗೆ ಕುಳಿತಿರಬೇಕು. ಅವನ ಸಂಗಡಿಗರು ಎದುರಾಳಿಗಳನ್ನು ಔಟು ಮಾಡಿದಾಗಲೇ ಅವನಿಗೆ ಮರುಜೀವ. ಹಿಡಿಯುವವರು ಬಲಿಷ್ಠರಾಗಿದ್ದರೆ ದಾಳಿಗಾರ ಬೇಗ ಒಳಬರುತ್ತಾನೆ, ಹೆಚ್ಚು ದಾಳಿಗಳನ್ನು ಮಾಡುತ್ತಾನೆ. ಆದುದರಿಂದ ಅವನ ಹೆಸರಿನ ಮುಂದಿರುವ ಅಂಕಗಳಲ್ಲಿ ಇತರರ ದುಡಿಮೆಯೂ ಬೆರೆತಿದೆ. ಸಿಂಪ್ಸನ್ನರು ಇದನ್ನು ಬಲ್ಲವರಾಗಿದ್ದರು. 2003 ಗಜ ಮುಟ್ಟಿದ ದಿನ ಅವರು ತಮಗೆ ದಾರಿ ಬಿಡಿಸಿದ ಸಂಗಡಿಗರನ್ನೂ ಪತ್ರಕರ್ತರ ಮುಂದೆ ಕರೆತಂದರು. ಎಲೆಕ್ಟ್ರಿಕ್ ಕಂಪೆನಿ ಎಂಬ ಅಡ್ಡಹೆಸರಿನಿಂದ ಆ ಸಂಗಡಿಗರು ಇಂದಿಗೂ ಪ್ರಸಿದ್ಧರು.

ಕೊನೆಯದಾಗಿ ಫಲ. ಸಿಂಪ್ಸನ್ನರ ತಂಡವಾಗಲಿ ಡಿಕರ್ಸನ್ನರ ತಂಡವಾಗಲಿ ಆ ಋತುಗಳಲ್ಲಿ ಪ್ರಶಸ್ತಿ ಗೆಲ್ಲಲಿಲ್ಲ. ಪವನರು 346 ಅಂಕ ಗಳಿಸಿದ ವರ್ಷ ಬೆಂಗಳೂರು ತಂಡ ಸೆಮಿಫೈನಲಿನಲ್ಲಿ ದಬಂಗ್ ಡೆಲ್ಲಿಗೆ ಸೋತಿತು. 75 ಅಂಕ ಕಡಿಮೆಯಿದ್ದ ಹಿಂದಿನ ಆವೃತ್ತಿಯಲ್ಲಿ ಅದೇ ತಂಡ ಮೊದಲ ಬಾರಿಗೆ ಪ್ರಶಸ್ತಿ ಪಡೆಯಿತು. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಆ ಫೈನಲಿನಲ್ಲಿ ಬೆಂಗಳೂರು 38–33ರಿಂದ ಗುಜರಾತನ್ನು ಸೋಲಿಸಿತು. ಆ 38ರಲ್ಲಿ 22 ಅಂಕಗಳು ಪವನರವು. ಅರ್ಧಕ್ಕಿಂತ ಹೆಚ್ಚು ಭಾರವನ್ನು ಒಬ್ಬರೇ ಹೊತ್ತ ಆ ಸಂಜೆಯನ್ನು ಸರಾಸರಿ ಎಂದಿಗೂ ಹೇಳಲಾರದು.

ಇವೆಲ್ಲವನ್ನೂ ತೂಗಿ ನೋಡಿದರೆ ಪ್ರದೀಪರ 2017ರ ಋತುವಿಗೇ ಮೊದಲ ಸ್ಥಾನ ಸಲ್ಲಬೇಕೆಂದು ನಮ್ಮ ಅಭಿಪ್ರಾಯ. ಅವರ 34 ಅಂಕಗಳು ಸೋತವರು ಮನೆಗೆ ಹೋಗುವ ಹಂತದ ಪಂದ್ಯದಲ್ಲಿ ಬಂದವು. ಫೈನಲಿನಲ್ಲಿ 19 ಅಂಕ ಸೇರಿಸಿ ಅವರು ತಂಡಕ್ಕೆ ಪ್ರಶಸ್ತಿ ತಂದರು. ಮೊತ್ತ, ಸಮತೆ, ಫಲ ಮೂರೂ ಒಂದೆಡೆ ಕೂಡಿದ ಋತು ಅದು. ಪವನರ 2019ರ ಋತು ವೈಯಕ್ತಿಕ ಸಾಮರ್ಥ್ಯದಲ್ಲಿ ಅದಕ್ಕೆ ಸರಿಸಾಟಿ. ಬೆಂಗಳೂರಿನ ಮಟ್ಟಿಗೆ ಮಾತ್ರ 2018ರ ಋತುವೇ ಚರಿತ್ರೆಯ ತಿರುವು.

ಆದರೆ ಈ ತೀರ್ಪು 2014ರ ಈಚಿನವರಿಗೆ ಮಾತ್ರ ಅನ್ವಯಿಸುತ್ತದೆಂಬುದನ್ನು ಮರೆಯಲಾಗದು. ಅದಕ್ಕೆ ಮುಂಚೆ ಊರ ಬಯಲಿನಲ್ಲಿ, ಶಾಲೆಯ ಅಂಗಳದಲ್ಲಿ ಉಸಿರು ಬಿಗಿಹಿಡಿದು ಗೆರೆ ದಾಟಿದವರ ಪಾಲಿಗೆ ಅಂಕಪಟ್ಟಿಯೂ ಇಲ್ಲ, ವೀರಗಲ್ಲೂ ಇಲ್ಲ. ಅವರ ಆಟವನ್ನು ಕಂಡವರು, ತೀರ್ಪುಗಾರರಾಗಿ ನಿಂತವರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ನಾಲ್ಕು ತಾಲ್ಲೂಕುಗಳ ಕಾಲೇಜು ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹಿರಿಯರ ಬಳಿ ಕುಳಿತು ಆಟಗಾರರ ಹೆಸರು, ಪಂದ್ಯ ನಡೆದ ಊರು, ವರ್ಷ ಇಷ್ಟನ್ನಾದರೂ ಬರೆದಿಟ್ಟರೆ ಮುಂದಿನ ಚರಿತ್ರಕಾರನಿಗೆ ಅದು ಶಾಸನಕ್ಕೆ ಸಮನಾದ ಆಧಾರವಾಗುತ್ತದೆ. ಲೆಕ್ಕಕ್ಕೆ ಸಿಕ್ಕವರನ್ನು ಮಾತ್ರ ಶ್ರೇಷ್ಠರೆಂದು ಕರೆಯುವ ಚರಿತ್ರೆ ಅಪೂರ್ಣವಾದ ಚರಿತ್ರೆ.