ಗುದನಾಳದ ಕ್ಯಾನ್ಸರ್ ಆಪರೇಷನ್: ತೊಂದರೆ ಯಾರಿಗೆ ಹೆಚ್ಚು?

ಮೀನಾ ಅಬ್ದುಲ್ಲಾ: ಮಲದಲ್ಲಿ ರಕ್ತ ಕಂಡರೆ ನಮ್ಮ ಕ್ಯಾಂಪ್‌ಗಳಲ್ಲಿ ಮೊದಲು ಬರುವ ಮಾತು 'ಪೈಲ್ಸ್ ಇರಬೇಕು, ಉಷ್ಣ ಆಗಿದೆ' ಅಂತ. ಮಜ್ಜಿಗೆ ಕುಡಿದು, ಮುಲಾಮು ಹಚ್ಚಿ, ಊರಿಗೆ ಹೋಗುವ ರಜೆಗೆ ಕಾಯುತ್ತೇವೆ. ಅದು ಗುದನಾಳದ ಕ್ಯಾನ್ಸರ್ ಆಗಿದ್ದರೆ ಈ ಕಾಯುವಿಕೆಯೇ ಮೊದಲ ಅಪಾಯ. ಕರುಳು ಕಟ್ಟಿಕೊಂಡ ಮೇಲೆ ತುರ್ತಾಗಿ ಮಾಡುವ ಆಪರೇಷನ್‌ನಲ್ಲಿ ತೊಂದರೆಗಳು ಹೆಚ್ಚು.

ಗಡ್ಡೆ ಇರುವ ಭಾಗ ತೆಗೆದ ಮೇಲೆ, ಸಾಧ್ಯವಿದ್ದವರಿಗೆ ಕರುಳಿನ ಎರಡು ತುದಿಗಳನ್ನು ಜೋಡಿಸುತ್ತಾರೆ. ವೈದ್ಯರು ಹೆದರುವುದು ಈ ಜೋಡಣೆ ಸೋರುವುದಕ್ಕೆ. ಸೋರಿದರೆ ಹೊಟ್ಟೆಯೊಳಗೆ ಸೋಂಕು, ಕೆಲವರಿಗೆ ಮತ್ತೆ ಆಪರೇಷನ್. ಗಡ್ಡೆ ಗುದದ್ವಾರಕ್ಕೆ ಹತ್ತಿರವಿದ್ದಷ್ಟೂ ಈ ಭಯ ಜಾಸ್ತಿ. ಗಂಡಸರಲ್ಲಿ ಸೊಂಟದ ಮೂಳೆಗಳ ನಡುವಿನ ಜಾಗ ಕಿರಿದು, ಹಾಗಾಗಿ ಅವರಿಗೂ ಜಾಸ್ತಿ. ಮೊದಲೇ ರೇಡಿಯೇಷನ್ ಆಗಿದ್ದರೂ ಅಷ್ಟೇ. ಇವು ನಮ್ಮ ಕೈಯಲ್ಲಿಲ್ಲ.

ಸಿಗರೇಟು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ಕನಿಷ್ಠ 4 ವಾರ ಮೊದಲೇ ಬಿಟ್ಟರೆ ಗಾಯ ಮಾಯುವುದಕ್ಕೂ ಶ್ವಾಸಕೋಶಕ್ಕೂ ಒಳ್ಳೆಯದು. ಶುಗರ್ ಹತೋಟಿಯಲ್ಲಿ ಇಲ್ಲದವರು, ರಕ್ತ ಕಡಿಮೆ ಇರುವವರು, ಸರಿಯಾಗಿ ಊಟವಿಲ್ಲದೆ ತೂಕ ಇಳಿದವರು, ಬೊಜ್ಜು ಇರುವವರು ಇದನ್ನೆಲ್ಲ ಮೊದಲೇ ಹೇಳಬೇಕು. ಸಂಧಿನೋವಿಗೋ ಉಬ್ಬಸಕ್ಕೋ ಸ್ಟೀರಾಯ್ಡ್ ನುಂಗುತ್ತಿದ್ದರೆ ಮುಚ್ಚಿಡಬೇಡಿ, ನೀವಾಗಿ ನಿಲ್ಲಿಸಲೂ ಬೇಡಿ.

ಜೋಡಣೆ ಮಾಯುವ ತನಕ ಕೆಲವರಿಗೆ ಸಣ್ಣಕರುಳನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಹಾಕುತ್ತಾರೆ. ನಾಚಿಕೆಪಡುವ ವಿಷಯವೇ ಅಲ್ಲ. ಆದರೆ ಚೀಲಕ್ಕೆ ನೀರಿನಂತೆ ಹೋಗುತ್ತಿದ್ದರೆ ದೇಹದ ನೀರು, ಉಪ್ಪು ಎರಡೂ ಖಾಲಿಯಾಗಿ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಬರೀ ನೀರು ಎಷ್ಟು ಕುಡಿದರೂ ಸಾಲದು, ಓಆರ್‌ಎಸ್ ಬೇಕಾಗುತ್ತದೆ. ಜುಲೈ ತಿಂಗಳ ಇಲ್ಲಿನ ಬಿಸಿಲಲ್ಲಿ ಹೊರಗೆ ದುಡಿಯುವವರಿಗೆ ಇದು ಸಣ್ಣ ಮಾತಲ್ಲ. ಹಗುರ ಕೆಲಸಕ್ಕೆ ವೈದ್ಯರಿಂದ ಚೀಟಿ ಬರೆಸಿಕೊಳ್ಳಿ. ಭಾರ ಎತ್ತಿದರೆ ಹರ್ನಿಯಾ ಆಗುವ ಭಯವೂ ಇದೆ.

ಡಿಸ್ಚಾರ್ಜ್ ಆದ ಮೇಲೂ ಸೋರಿಕೆ ಕಾಣಿಸಿಕೊಳ್ಳಬಹುದು. ಜ್ವರ, ಎದೆಬಡಿತ ಜೋರು, ಹೆಚ್ಚುತ್ತಿರುವ ಹೊಟ್ಟೆನೋವು, ವಾಂತಿ ಇದ್ದರೆ ರೂಮಿನಲ್ಲಿ ಪನಡಾಲ್ ನುಂಗಿ ಮಲಗಬೇಡಿ. ನಮ್ಮ ಅಹ್ಮದಿ ಭಾಗದವರಿಗೆ ಅದಾನ್ ಆಸ್ಪತ್ರೆಯ ಕ್ಯಾಶುವಾಲ್ಟಿ ಇದೆ. ಒಂದು ಕಾಲು ಮಾತ್ರ ಊದಿಕೊಂಡರೆ, ಏಕಾಏಕಿ ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿರಬಹುದು, ಆಗಲೂ ತಕ್ಷಣ ಹೋಗಿ.

ಚಿಕಿತ್ಸೆಗೆ ಊರಿಗೆ ಹೋಗುವವರು ಬಯಾಪ್ಸಿ ರಿಪೋರ್ಟ್, ಎಂಆರ್‌ಐ ಸಿಡಿ, ರೇಡಿಯೇಷನ್ ವಿವರ ಎಲ್ಲ ಕೈಯಲ್ಲೇ ಒಯ್ಯಿರಿ, ಲಗೇಜಿಗೆ ಹಾಕಬೇಡಿ. ಕಿದ್ವಾಯಿಯಲ್ಲಾಗಲಿ ಮಣಿಪಾಲದಲ್ಲಾಗಲಿ ಮೊದಲು ಕೇಳುವುದು ಅದನ್ನೇ. ಆಪರೇಷನ್ ಇಲ್ಲೇ ಆಗಿ ಆಮೇಲೆ ಹೊರಡುವುದಾದರೆ, ಟಿಕೆಟ್ ಮಾಡುವ ಮೊದಲು ವಿಮಾನ ಹತ್ತಬಹುದು ಎಂದು ಸರ್ಜನ್ ಕೈಯಲ್ಲಿ ಬರೆಸಿಕೊಳ್ಳಿ.