ಪೆಟ್ಟಿಗೆಯ ಚರಿತ್ರೆಯಲ್ಲಿ ಸಿಗದ ಜೇನು

ಕನ್ನಡದಲ್ಲಿ ಜೇನು ಎಂದರೆ ಹುಳವೂ ಹೌದು, ಆ ಹುಳ ಕೂಡಿಟ್ಟ ಸಿಹಿಯೂ ಹೌದು, ಅದು ಕಟ್ಟಿಕೊಂಡ ಹುಟ್ಟೂ ಹೌದು. ‘ಮರದಲ್ಲಿ ಜೇನು ಕಟ್ಟಿದೆ’, ‘ಜೇನು ಎದ್ದು ಕಚ್ಚಿತು’, ‘ಸಂತೆಯಿಂದ ಜೇನು ತಂದರು’ ಎನ್ನುವಾಗ ಪದ ಒಂದೇ, ಅರ್ಥ ಮೂರು. ತಮಿಳಿನ ತೇನ್, ತೆಲುಗಿನ ತೇನೆ ಇದರ ಒಡಹುಟ್ಟುಗಳು. ಇಷ್ಟು ಧಾರಾಳವಾಗಿ ಒಂದೇ ಪದವನ್ನು ಎಲ್ಲಕ್ಕೂ ಹಂಚಿದ ಭಾಷೆ, ಜಾತಿಗಳನ್ನು ಬೇರೆ ಮಾಡುವಾಗ ಮಾತ್ರ ತುಂಬ ಕಟ್ಟುನಿಟ್ಟು. ಬಂಡೆಯ ಚಾಚಿಗೋ ಎತ್ತರದ ಕೊಂಬೆಗೋ ಒಂದೇ ದೊಡ್ಡ ಎರಿ ತೂಗುಬಿಡುವುದು ಹೆಜ್ಜೇನು. ಬೇಲಿಯ ಕಡ್ಡಿಗೆ ಅಂಗೈಯಗಲದ ಎರಿ ಕಟ್ಟುವುದು ಕೋಲುಜೇನು ಅಥವಾ ಕಡ್ಡಿಜೇನು. ಗೋಡೆಯ ತೂತಿನಲ್ಲಿ ಅಂಟಿನ ಕೊಳವೆ ಮಾಡಿಕೊಂಡು ಬದುಕುವ, ಕಚ್ಚಲು ಮುಳ್ಳೇ ಇಲ್ಲದ ಪುಟ್ಟದು ನಸರು, ಕರಾವಳಿಯ ಮಾತಿನಲ್ಲಿ ಮುಜಂಟಿ. ಮರದ ಪೊಟರೆ, ಹುತ್ತ, ಹಾಳುಗೋಡೆಯ ಸಂದಿನ ಕತ್ತಲಲ್ಲಿ ಒಂದರ ಪಕ್ಕ ಒಂದು ಎರಿ ಜೋಡಿಸುವುದು ತುಡುವೆ. ಡೆನ್ಮಾರ್ಕಿನ ಕೀಟವಿಜ್ಞಾನಿ ಫ್ಯಾಬ್ರಿಷಿಯಸ್ 1793ರಲ್ಲಿ ‘ಏಪಿಸ್ ಸೆರಾನಾ’ ಎಂದು ಹೆಸರಿಟ್ಟ ಏಷ್ಯಾದ ಜೇನು ಇದೇ.

ನಾಲ್ಕರಲ್ಲಿ ಮನುಷ್ಯನ ಪೆಟ್ಟಿಗೆಗೆ ಒಗ್ಗಿದ್ದು ಮುಖ್ಯವಾಗಿ ತುಡುವೆ. ಕಾರಣ ಸರಳ. ಕತ್ತಲ ಕೋಣೆಯಲ್ಲಿ ಹಲವು ಎರಿ ಕಟ್ಟುವ ಹುಳಕ್ಕೆ ಪೆಟ್ಟಿಗೆ ಎಂದರೆ ಇನ್ನೊಂದು ಪೊಟರೆ. ಬಯಲಿನಲ್ಲಿ ಒಂದೇ ಎರಿ ಇಳಿಬಿಡುವ ಹೆಜ್ಜೇನಿಗೆ ನೀವು ಎಂಥ ಚಂದದ ಪೆಟ್ಟಿಗೆ ಮಾಡಿಟ್ಟರೂ ಅದು ಒಳಗೆ ಬರುವುದಿಲ್ಲ.

ಈ ಬರಹ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ತುಡುವೆಯ ಕುರಿತದ್ದು. ಜೇನು ಸಾಕಣೆಯ ಯಾವ ಪುಸ್ತಕ ತೆರೆದರೂ ಕೊಡಗು ಬರುತ್ತದೆ, ಪುತ್ತೂರು–ಸುಳ್ಯ ಬರುತ್ತದೆ, ಶಿರಸಿ ಬರುತ್ತದೆ. ಈ ನಾಲ್ಕರ ಹೆಸರು ಬರುವುದು ಅಪರೂಪ. ಅದಕ್ಕೆ ಕಾರಣ ಇಲ್ಲಿ ಜೇನು ಇರಲಿಲ್ಲವೆಂದಲ್ಲ. ನಾವು ಜೇನಿನ ಚರಿತ್ರೆ ಎಂದುಕೊಂಡು ಬರೆದದ್ದೆಲ್ಲ ಪೆಟ್ಟಿಗೆಯ ಚರಿತ್ರೆ.

ಆ ಚರಿತ್ರೆ ಹೀಗಿದೆ. 1851ರಲ್ಲಿ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ ಒಂದು ಸಣ್ಣ ಸಂಗತಿಯ ಮಹತ್ವ ಕಂಡುಕೊಂಡ. ಎರಡು ಎರಿಗಳ ನಡುವೆ, ಎರಿಗೂ ಗೋಡೆಗೂ ನಡುವೆ, ಹುಳ ಓಡಾಡುವಷ್ಟೇ ಜಾಗ ಬಿಟ್ಟರೆ ಅದನ್ನು ಜೇನು ಮೇಣದಿಂದಲೂ ಅಂಟಿನಿಂದಲೂ ಮುಚ್ಚುವುದಿಲ್ಲ. ಅವನ ಹುಳಕ್ಕೆ ಆ ಜಾಗ ಒಂದು ಸೆಂಟಿಮೀಟರಿಗೂ ಕಡಿಮೆ. ಮೈಯಲ್ಲಿ ಚಿಕ್ಕದಾದ ನಮ್ಮ ತುಡುವೆಗೆ ಇನ್ನೂ ಕಡಿಮೆ. ಈ ಅಳತೆ ಸಿಕ್ಕಿದ ಮೇಲೆ ಎರಿಯನ್ನು ಚೌಕಟ್ಟಿನಲ್ಲಿ ಕಟ್ಟಿಸಿ, ಪುಸ್ತಕದ ಹಾಳೆಯಂತೆ ಹೊರತೆಗೆದು ನೋಡಿ ಮತ್ತೆ ಒಳಗಿಡಬಹುದಾಯಿತು. ಮರಿಗಳಿರುವ ಎರಿ ಹಿಂಡದೆ, ಸಂಸಾರ ಕೆಡಿಸದೆ, ಮೇಲಿನ ಕೋಣೆಯ ತುಪ್ಪ ಮಾತ್ರ ತೆಗೆಯುವುದು ಸಾಧ್ಯವಾಯಿತು.

ಭಾರತದಲ್ಲಿ ಈ ಪ್ರಯತ್ನ 1880ರ ಸುಮಾರಿಗೆ ಬಂಗಾಳದಲ್ಲಿ, ಆಮೇಲೆ ಪಂಜಾಬಿನಲ್ಲಿ ನಡೆದು ಸೋತಿತು. 1910ರ ದಶಕದಲ್ಲಿ ತಿರುಚಿರಾಪಳ್ಳಿಯ ಜೆಸ್ಯುಯಿಟ್ ಪಾದ್ರಿ ಫಾದರ್ ನ್ಯೂಟನ್ ದಕ್ಷಿಣದ ತುಡುವೆಯ ಮೈಯಳತೆಗೆ ಪೆಟ್ಟಿಗೆಯನ್ನೇ ಕುಗ್ಗಿಸಿದರು. ಏಳು ಚೌಕಟ್ಟಿನ ಆ ಪೆಟ್ಟಿಗೆಗೆ ಇವತ್ತೂ ನ್ಯೂಟನ್ ಪೆಟ್ಟಿಗೆ ಎಂದೇ ಹೆಸರು. ಕೆಳಗೆ ಸಂಸಾರ ಕೋಣೆ, ಮೇಲೆ ಜೇನು ಕೋಣೆ. ತಿರುವಾಂಕೂರಿನಲ್ಲಿ 1917ಕ್ಕೆ, ಮೈಸೂರು ಸಂಸ್ಥಾನದಲ್ಲಿ 1925ಕ್ಕೆ, ಮದ್ರಾಸಿನಲ್ಲಿ 1931ಕ್ಕೆ, ಕೊಡಗಿನಲ್ಲಿ 1934ಕ್ಕೆ ಈ ಕಸುಬು ಶುರುವಾಯಿತೆಂದು ಜೇನು ಸಾಕಣೆಯ ಪಠ್ಯಗಳು ಪಟ್ಟಿ ಕೊಡುತ್ತವೆ. ನಡುವೆ 1928ರ ರಾಯಲ್ ಕೃಷಿ ಆಯೋಗ ಇದನ್ನು ಹಳ್ಳಿಯ ಉಪಕಸುಬಾಗಿ ಬೆಳೆಸಿ ಎಂದಿತು. 1934ರಲ್ಲಿ ಹುಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘದ ಮೂಲಕ ಗಾಂಧೀಜಿ ಅದಕ್ಕೆ ಚರಕದ ಪಕ್ಕದಲ್ಲೇ ಜಾಗ ಕೊಟ್ಟರು.

ಪಟ್ಟಿಯಲ್ಲಿ ಒಂದು ವಿಚಿತ್ರ ಗಮನಿಸಿ. ಮೈಸೂರು ಕೊಡಗಿಗಿಂತ ಒಂಬತ್ತು ವರ್ಷ ಮುಂದಿತ್ತು. ನಮ್ಮ ನಾಲ್ಕೂ ತಾಲ್ಲೂಕುಗಳು ಆಗ ಮೈಸೂರು ಸಂಸ್ಥಾನದಲ್ಲೇ ಇದ್ದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ಆಗ ಹೊನ್ನಾಳಿಯೊಳಗಿನ ಊರು. (ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು, ನ್ಯಾಮತಿ ತಾಲ್ಲೂಕಾದದ್ದು ಅದಾಗಿ ಎರಡು ದಶಕದ ಮೇಲೆ.) ಆಗಿನ ಮೈಸೂರು ಕೃಷಿ ಇಲಾಖೆಯ ನಿರ್ದೇಶಕ ಲೆಸ್ಲಿ ಕೋಲ್ಮನ್ ಸ್ವತಃ ಕೀಟಗಳನ್ನೂ ಶಿಲೀಂಧ್ರಗಳನ್ನೂ ಬಲ್ಲವರು, ಅಡಿಕೆಯ ಕೊಳೆರೋಗಕ್ಕೆ ಮದ್ದು ಹುಡುಕಿದವರು. ಆದರೂ ಜೇನಿನ ಕೀರ್ತಿ ಹೋದದ್ದು ಕೊಡಗಿಗೆ. ವಿರಾಜಪೇಟೆ, ಭಾಗಮಂಡಲ, ಪುತ್ತೂರುಗಳಲ್ಲಿ ಜೇನು ಸಹಕಾರ ಸಂಘಗಳು ಬೆಳೆದವು. ಸಾಹಿತ್ಯದ ಓದುಗರಿಗೆ ಇದನ್ನು ನೆನಪಿಸಬೇಕಾಗಿಲ್ಲ: ತೇಜಸ್ವಿಯವರ ‘ಕರ್ವಾಲೊ’ (1980) ಮಲೆನಾಡಿನ ಜೇನು ಸೊಸೈಟಿಯಿಂದಲೇ ಶುರುವಾಗುತ್ತದೆ, ಮಂದಣ್ಣ ಓದುಗರಿಗೆ ಪರಿಚಯವಾಗುವುದು ಜೇನಿನ ನೆಪದಲ್ಲೇ. ಕನ್ನಡದ ಮನಸ್ಸಿನಲ್ಲಿ ಜೇನು ಪೆಟ್ಟಿಗೆ ಮಲೆನಾಡಿನ ಸಾಮಾನಾಗಿ ಉಳಿದುಬಿಟ್ಟಿತು.

ಬಯಲಿಗೆ ಪೆಟ್ಟಿಗೆ ಯಾಕೆ ಹಾಗೆ ಹಿಡಿಸಲಿಲ್ಲ? ನನ್ನ ಲೆಕ್ಕ ಹೀಗಿದೆ. ತುಡುವೆ ಋಣ ಕಟ್ಟಿಕೊಳ್ಳುವ ಜೀವವಲ್ಲ. ಮೇವು ಕಡಿಮೆಯಾದರೆ, ಇರುವೆ ಕಾಟ ಕೊಟ್ಟರೆ, ಮೇಣದ ಹುಳು ಎರಿ ತಿಂದರೆ, ಪದೇ ಪದೇ ಮುಚ್ಚಳ ತೆಗೆದರೆ, ಒಂದು ಬೆಳಿಗ್ಗೆ ಇಡೀ ಸಂಸಾರ ಎದ್ದು ಹೋಗುತ್ತದೆ. ಕೊಡಗಿನಲ್ಲೂ ಮಳೆಗಾಲದಲ್ಲಿ ಹೋಗುತ್ತಿತ್ತು; ಆದರೆ ಪಕ್ಕದ ಕಾಡಿನಲ್ಲಿ ಬೇಕಾದಷ್ಟು ಕುಟುಂಬಗಳಿದ್ದವು, ಬೇಸಿಗೆಗೆ ಮತ್ತೆ ಹಿಡಿದು ತಂದು ಕೂರಿಸಬಹುದಿತ್ತು. ಜಗಳೂರಿನ ಕುರುಚಲಲ್ಲಿ ಆ ಸೌಕರ್ಯವಿಲ್ಲ. ಖಾಲಿ ತಿಂಗಳುಗಳಲ್ಲಿ ಸಕ್ಕರೆ ಪಾಕ ಕೊಟ್ಟು ಸಾಕಬೇಕು. ವರ್ಷಕ್ಕೆ ಐದೋ ಹತ್ತೋ ಕಿಲೋ ತುಪ್ಪ ಕೊಡುವ ಹುಳಕ್ಕೆ, ಮನೆಯಲ್ಲಿ ಕಾಫಿಗೂ ಬೆಲ್ಲವನ್ನೇ ಹಾಕುತ್ತಿದ್ದ ಕಾಲದ ರೈತ, ಅಂಗಡಿಯಿಂದ ಸಕ್ಕರೆ ತಂದು ತಿನ್ನಿಸುತ್ತಾನೆಯೆ?

ಆದರೆ ಸಾಕುವುದು ಎಂದರೆ ಪೆಟ್ಟಿಗೆಯಲ್ಲಿ ಕೂರಿಸುವುದು ಮಾತ್ರವೆ? ಹಳೆಯ ಬೆದ್ದಲು ಹೊಲವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ರಾಗಿ, ಜೋಳದ ಸಾಲುಗಳ ನಡುವೆ ಅಕ್ಕಡಿ ಸಾಲು: ತೊಗರಿ, ಅವರೆ, ಹುಚ್ಚೆಳ್ಳು, ಸಾಸಿವೆ. ಅಂಚಿನಲ್ಲಿ ಹರಳು. ಮುಂಗಾರಿನ ಎಳ್ಳು, ಹಿಂಗಾರಿನ ಕುಸುಬೆ, ಬಡ ಮಣ್ಣಿನಲ್ಲಿ ಹುರುಳಿ. ಏಕದಳ ಧಾನ್ಯಕ್ಕೆ ಗಾಳಿಯೋ ತನ್ನದೇ ಪರಾಗವೋ ಸಾಕು; ಪಕ್ಕದ ಸಾಲಿಗೆ ಹುಳ ಬೇಕು. ಹುಚ್ಚೆಳ್ಳಂತೂ ತನ್ನ ಪರಾಗದಿಂದ ತಾನೇ ಕಾಳು ಕಟ್ಟಲಾರದ ಗಿಡ. ಬೇರೆ ಗಿಡದ ಪರಾಗ ಹೊತ್ತು ಜೇನು ಬಂದರೆ ಎಣ್ಣೆ, ಬಾರದಿದ್ದರೆ ಜೊಳ್ಳು. ಮಳೆ ಹಿಂದೆಗೆಯುವ ಹೊತ್ತಿಗೆ ಹುಚ್ಚೆಳ್ಳಿನ ಹಳದಿ ಹರಡಿಕೊಂಡಾಗ ತುಡುವೆಗೆ ಅದು ಸುಗ್ಗಿ. ಫಾಲ್ಗುಣ–ಚೈತ್ರದಲ್ಲಿ ಹೊಂಗೆ, ಬೇವು, ಆಮೇಲೆ ಹುಣಸೆ. ಹುಣಸೆ ಮುದಿಯಾದಂತೆ ಪೊಟರೆಯನ್ನೂ ಕೊಡುತ್ತದೆ. ಒಂದೇ ಮರ ಊಟವೂ ಮನೆಯೂ. ಮೈಸೂರಿನ ಹಳೆಯ ರಸ್ತೆಗಳ ಸಾಲುಮರಗಳಲ್ಲಿ ಹುಣಸೆ, ಹೊಂಗೆ, ಇಪ್ಪೆಗಳೇ ಹೆಚ್ಚಿದ್ದವು ಎಂಬುದನ್ನು ಇದರ ಜೊತೆ ಸೇರಿಸಿ ನೋಡಬೇಕು. ಯಾರೂ ಜೇನಿಗಾಗಿ ನೆಟ್ಟದ್ದಲ್ಲ. ಆದರೆ ಆ ರಸ್ತೆ, ಆ ಅಕ್ಕಡಿ, ಆ ಕೆರೆಯೇರಿ ಒಟ್ಟಾಗಿ ಒಂದು ದೊಡ್ಡ ಪೆಟ್ಟಿಗೆಯಂತೆ ಇದ್ದವು. ಇದನ್ನು ಸಾಕಣೆ ಎನ್ನಲು ಕೆಲವರು ಒಪ್ಪದಿರಬಹುದು. ಉದ್ದೇಶವಿಲ್ಲದ್ದನ್ನು ಕಸುಬು ಎನ್ನುವುದು ಹೇಗೆ ಎಂದು ಕೇಳಬಹುದು. ನಾನು ಹೇಳುವುದು ಇಷ್ಟು: ಪೆಟ್ಟಿಗೆ ಇಟ್ಟವರು ಮಾಡಲಾಗದ ಒಂದು ಕೆಲಸವನ್ನು ಇದು ಮಾಡಿತು. ಅದು 1991ರ ನಂತರ ಕಂಡಿತು.

ಆ ವರ್ಷ ದಕ್ಷಿಣ ಭಾರತಕ್ಕೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂತು. ಹಿಂದಿನ ದಶಕಗಳಲ್ಲಿ ಥಾಯ್ಲೆಂಡಿನಲ್ಲಿ ಗುರುತಿಸಿದ್ದು, ಆ ಹೆಸರೇ ಉಳಿಯಿತು. ದೊಡ್ಡ ಹುಳಕ್ಕೆ ಏನೂ ಆಗುವುದಿಲ್ಲ. ಮರಿಹುಳು ಕೋಶಾವಸ್ಥೆಗೆ ದಾಟಲಾರದೆ, ಒಳಗೆ ನೀರು ತುಂಬಿದ ಚೀಲದಂತಾಗಿ, ತಲೆ ಮೇಲೆತ್ತಿಕೊಂಡು ಕೋಣೆಯಲ್ಲೇ ಸಾಯುತ್ತದೆ. ಹುಟ್ಟುವವರಿಲ್ಲದೆ ಸಂಸಾರ ಕರಗುತ್ತದೆ. ಒಂದೆರಡು ವರ್ಷಗಳಲ್ಲಿ ದಕ್ಷಿಣದ ಪೆಟ್ಟಿಗೆಗಳ ತುಡುವೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನಾಶವಾಯಿತು. ಕೊಡಗು, ದಕ್ಷಿಣ ಕನ್ನಡದ ಮನೆಗಳಲ್ಲಿ ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದವು. ಒಂದೇ ತೋಟದಲ್ಲಿ ಸಾಲಾಗಿ ಪೆಟ್ಟಿಗೆ ಇಡುವುದು, ಊರಿಂದೂರಿಗೆ ಕುಟುಂಬ ಮಾರುವುದು, ಒಂದರ ಎರಿ ಇನ್ನೊಂದಕ್ಕೆ ಜೋಡಿಸುವುದು — ಒಳ್ಳೆಯ ಸಾಕಣೆಯ ಈ ಎಲ್ಲ ಪಾಠಗಳೂ ರೋಗಕ್ಕೆ ದಾರಿ ಮಾಡಿಕೊಡುವಂಥವೇ. ಕಾಡುಜೇನಿಗೂ ರೋಗ ತಗುಲಿತು. ಆದರೆ ಪೊಟರೆ, ಹುತ್ತ, ಹಾಳುಗೋಡೆಗಳಲ್ಲಿ ದೂರದೂರ ಚದುರಿಕೊಂಡಿದ್ದ ಕುಟುಂಬಗಳಲ್ಲಿ ತಡೆದುಕೊಂಡವು ಉಳಿದವು, ಪಾಲಾಗಿ ಹೆಚ್ಚಿದವು. ಮುಂದಿನ ದಶಕದಲ್ಲಿ ತುಡುವೆ ಮತ್ತೆ ಪೆಟ್ಟಿಗೆಗೆ ಬಂದದ್ದು ಹೀಗೆ ಉಳಿದವುಗಳಿಂದ.

ತುಡುವೆಯ ಬದಲಿಗೆ ಆಗ ಬಂದದ್ದು ಯುರೋಪಿನ ಜೇನು, ನಮ್ಮ ರೈತರ ಬಾಯಲ್ಲಿ ‘ಮೆಲ್ಲಿಫೆರಾ’ ಅಥವಾ ‘ಇಟಲಿ ಜೇನು’. ಪಂಜಾಬಿನಲ್ಲಿ 1960ರ ದಶಕದ ಮೊದಲಲ್ಲೇ ನೆಲೆಯೂರಿದ್ದ ಅದು ಸ್ಯಾಕ್‌ಬ್ರೂಡ್ ನಂತರ ದಕ್ಷಿಣಕ್ಕೆ ಇಳಿಯಿತು. ತುಪ್ಪ ಹಲವು ಪಟ್ಟು ಹೆಚ್ಚು, ಬಿಟ್ಟುಹೋಗುವುದು ಕಡಿಮೆ, ಲಾರಿಯಲ್ಲಿ ಹೇರಿಕೊಂಡು ಹೂವಿದ್ದ ಕಡೆ ಒಯ್ಯಬಹುದು. ಆದರೆ ಅದಕ್ಕೆ ದೊಡ್ಡ ಹೂವಿನ ಬಯಲು ಬೇಕು, ವರೋವಾ ನುಸಿಗೆ ಮದ್ದು ಬೇಕು. ಆ ನುಸಿ ಮೂಲದಲ್ಲಿ ತುಡುವೆಯ ಪರಾವಲಂಬಿ. ತುಡುವೆ ಅದನ್ನು ಮೈಯಿಂದ ಹೆಕ್ಕಿ ಕಿತ್ತು ಬಿಸಾಡಲು ಕಲಿತಿದೆ. ಕಣಜ ಬಂದರೆ ನೂರಾರು ಹುಳ ಸುತ್ತುಗಟ್ಟಿ, ಮೈ ನಡುಗಿಸಿ ಶಾಖ ಏರಿಸಿ ಅದನ್ನು ಉಂಡೆಯೊಳಗೇ ಬೇಯಿಸುವುದೂ ತುಡುವೆಗೆ ಗೊತ್ತು. ಒಂದೇ ನೆಲದಲ್ಲಿ ಸಾವಿರಾರು ವರ್ಷ ಶತ್ರುಗಳ ಜೊತೆ ಬಾಳಿದವರ ಜಾಣ್ಮೆ ಇದು; ತುಪ್ಪದ ತೂಕದಲ್ಲಿ ಇದಕ್ಕೆ ಬೆಲೆಯಿಲ್ಲ.

ದೊಡ್ಡ ಹೂವಿನ ಬಯಲು ಒಂದು ಕಾಲಕ್ಕೆ ಈ ಸೀಮೆಯಲ್ಲೇ ಇತ್ತು. ಸೂರ್ಯಕಾಂತಿ. 1970ರ ಸುಮಾರಿಗೆ ಸೋವಿಯತ್ ತಳಿಗಳ ಮೂಲಕ ಭಾರತಕ್ಕೆ ಎಣ್ಣೆ ಬೆಳೆಯಾಗಿ ಬಂದ ಇದಕ್ಕೆ ದೇಶದ ಮೊದಲ ಹೈಬ್ರಿಡ್ ತಯಾರಾದದ್ದು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ: ಬಿಎಸ್‌ಎಚ್-1, 1980ರಲ್ಲಿ. ಚಿತ್ರದುರ್ಗ, ಜಗಳೂರಿನ ಒಣಭೂಮಿಯಲ್ಲಿ ಅದು ಹಬ್ಬಿತು. ಹೂತಟ್ಟೆಯ ನಡುಭಾಗ ಜೊಳ್ಳಾಗುವುದು ಆಗ ರೈತರ ದೊಡ್ಡ ದೂರು. ಹೂವರಳಿದ ದಿನಗಳಲ್ಲಿ ಬೆಳಗಿನ ಹೊತ್ತು ಅಂಗೈಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು ಒಂದೊಂದೇ ತಟ್ಟೆಯನ್ನು ಸವರಿಕೊಂಡು ಹೋಗಿ ಎಂದು ಕೃಷಿ ಇಲಾಖೆ ಹೇಳುತ್ತಿತ್ತು. ಜೇನು ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಕೂಲಿ ಕೊಡುವ ಕಾಲ ಬಂದಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದಾಖಲೆ ಬೇಕೆ? 1990ರ ದಶಕದ ಕೊನೆಗೆ ನೆಕ್ರೋಸಿಸ್ ರೋಗ ಬಂದು ಸೂರ್ಯಕಾಂತಿಯನ್ನೂ ಕುಗ್ಗಿಸಿತು. ಆ ಜಾಗಕ್ಕೆ ಬಂದದ್ದು ಮೆಕ್ಕೆಜೋಳ.

ಇಲ್ಲಿಂದ ಮುಂದೆ ನಾಲ್ಕೂ ತಾಲ್ಲೂಕುಗಳನ್ನು ಒಟ್ಟಿಗೆ ನೋಡಬೇಕು. ಚನ್ನಗಿರಿ ಮಲೆನಾಡಿನ ಸೆರಗು. ಉಬ್ರಾಣಿ ಕಡೆಯ ಕಾಡು, ಸೂಳೆಕೆರೆಯ ನೀರು, ಈಗ ಎಲ್ಲೆಲ್ಲೂ ಅಡಿಕೆ. ಹೊನ್ನಾಳಿ ತುಂಗಭದ್ರೆಯ ದಡದ್ದು, ಭದ್ರಾ ನಾಲೆ ಬಂದ ಮೇಲೆ ಭತ್ತದ ಸೀಮೆ. ನ್ಯಾಮತಿ ಎರಡರ ನಡುವಿನದು, ತೀರ್ಥರಾಮೇಶ್ವರದ ಗುಡ್ಡ ಕಾಡನ್ನು ಹಿಡಿದಿಟ್ಟುಕೊಂಡಿದೆ, ಕೆಳಗೆ ಮೆಕ್ಕೆಜೋಳ. ಜಗಳೂರು ಮಳೆಯ ನೆರಳಿನದು. 2011ರಲ್ಲಿ ಕೊಂಡುಕುರಿಗಾಗಿ ಅಭಯಾರಣ್ಯವೆಂದು ಘೋಷಿಸಿದ ರಂಗಯ್ಯನದುರ್ಗದ ಕುರುಚಲು ಕಾಡು ಅಲ್ಲಿನ ದೊಡ್ಡ ಆಸ್ತಿ. ಭತ್ತ ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಮೆಕ್ಕೆಜೋಳಕ್ಕೆ ಗಾಳಿ ಸಾಕು. ಅಡಿಕೆಗೂ ಮುಖ್ಯವಾಗಿ ಗಾಳಿಯೇ. ಮೆಕ್ಕೆಜೋಳದ ಸೂಲಂಗಿಗೂ ಅಡಿಕೆಯ ಹೊಂಬಾಳೆಗೂ ತುಡುವೆ ಬರುತ್ತದೆ, ಪರಾಗ ಒಯ್ಯುತ್ತದೆ. ಆದರೆ ಅದು ಬಾರದಿದ್ದರೂ ಈ ಬೆಳೆಗಳಿಗೆ ನಷ್ಟವಿಲ್ಲ. ಜೇನಿಲ್ಲದೆಯೂ ನಡೆಯುವ ಮೂರು ಬೆಳೆಗಳನ್ನು ಒಂದು ಜಿಲ್ಲೆ ಇಷ್ಟು ಒಗ್ಗಟ್ಟಿನಿಂದ ಆರಿಸಿಕೊಂಡದ್ದು ಆಕಸ್ಮಿಕ ಇರಬಹುದು. ಪರಿಣಾಮ ಆಕಸ್ಮಿಕವಲ್ಲ: ಹುಳ ಕಾಣೆಯಾದರೂ ಯಾರ ಲೆಕ್ಕದ ಪುಸ್ತಕದಲ್ಲೂ ಅದು ಕಾಣುವುದಿಲ್ಲ. ಕಾಣುವುದು ಹಿತ್ತಲಿನಲ್ಲಿ: ಮಿಡಿ ಉದುರಿಸುವ ಕುಂಬಳಬಳ್ಳಿ, ಸೊಟ್ಟಗಾಗುವ ಸೌತೆ, ಕಾಯಿ ಕಡಿಮೆಯಾದ ನುಗ್ಗೆ.

ಈಗ ಸರ್ಕಾರಗಳು ಮತ್ತೆ ಪೆಟ್ಟಿಗೆ ಹಂಚುತ್ತಿವೆ. 2020ರಲ್ಲಿ ಕೇಂದ್ರ ಸರ್ಕಾರ 500 ಕೋಟಿ ರೂಪಾಯಿಯ ರಾಷ್ಟ್ರೀಯ ಜೇನು ಸಾಕಣೆ ಮಿಷನ್ ತಂದಿತು. ರಾಜ್ಯದ ತೋಟಗಾರಿಕೆ ಇಲಾಖೆ ತುಡುವೆ ಪೆಟ್ಟಿಗೆಗೆ ಸಹಾಯಧನ ಕೊಡುತ್ತದೆ, ತರಬೇತಿ ಕೊಡುತ್ತದೆ. ಚನ್ನಗಿರಿಯ ಅಡಿಕೆ ತೋಟದ ನೆರಳಿನಲ್ಲಿ ಎರಡು ಪೆಟ್ಟಿಗೆ ಇಡುವುದಕ್ಕೆ ನನ್ನ ತಕರಾರಿಲ್ಲ, ಸುತ್ತ ಕಾಳುಮೆಣಸು, ಏಲಕ್ಕಿ, ಬದುವಿನ ಹೊಂಗೆ ಇದ್ದರೆ ಅದು ಚೆನ್ನಾಗಿಯೇ ಬಾಳುತ್ತದೆ. ಆದರೆ ಸುತ್ತ ಹತ್ತು ಎಕರೆ ಮೆಕ್ಕೆಜೋಳಕ್ಕೆ ಕಳೆನಾಶಕ ಹೊಡೆದು ಬದುವಿನ ತುಂಬೆ, ಉತ್ತರಾಣಿಗಳನ್ನೂ ಸುಟ್ಟ ಮೇಲೆ ನಡುವೆ ಇಟ್ಟ ಪೆಟ್ಟಿಗೆಯಿಂದ ತುಡುವೆ ಎದ್ದು ಹೋದರೆ ಹುಳವನ್ನು ದೂರುವಂತಿಲ್ಲ.

ಜಗಳೂರಿನ ಮಟ್ಟಿಗೆ ಇದು ಈಗಿನ ಮಾತು. ತಾಲ್ಲೂಕಿನ 57 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಏತದಿಂದ ತುಂಬಿಸುವ ಯೋಜನೆ ಬಂದಿದೆ. ಬರಗಾಲದ ತಾಲ್ಲೂಕು ಎಂದೇ ಹೆಸರಾದ ಊರಿಗೆ ನೀರು ಬರುವುದನ್ನು ಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ, ನನಗಂತೂ ಇಲ್ಲ. ಬಿರುಬೇಸಿಗೆಯಲ್ಲಿ ಗೂಡು ತಂಪಾಗಿಡಲು ತುಡುವೆಗೂ ನೀರು ಬೇಕು. ನೀರಿನ ಹಿಂದೆ ಅಡಿಕೆ ಸಸಿ ಬರುತ್ತದೆ. ಚನ್ನಗಿರಿಯ ನೂರು ವರ್ಷದ ಕಥೆ ಜಗಳೂರಿನಲ್ಲಿ ಹತ್ತು ವರ್ಷದಲ್ಲಿ ಮುಗಿಯಬಹುದು. ಕೆರೆಯೇರಿಯ ಮೇಲೆ ಏನನ್ನು ನೆಡುತ್ತಾರೆ, ಹೊಲದ ಅಂಚಿನ ಹಳೆಯ ಹುಣಸೆಯನ್ನು ಕಡಿಯುತ್ತಾರೋ ಬಿಡುತ್ತಾರೋ, ತೊಗರಿಯ ಒಂದು ಸಾಲಾದರೂ ಉಳಿಯುತ್ತದೋ ಇಲ್ಲವೋ ಎನ್ನುವುದು ಆಯಾ ಊರಿನಲ್ಲಿ, ಈ ಒಂದೆರಡು ಮಳೆಗಾಲಗಳಲ್ಲೇ ತೀರ್ಮಾನವಾಗಲಿದೆ.