ಪ್ರೊ. ಲುತ್ಫಿ ಝಾದೆ: ಹೌದು-ಅಲ್ಲಗಳ ನಡುವಿನ ಗಣಿತ

ಗಣಕಯಂತ್ರಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು, ಎರಡೇ ಅಂಕೆ. ಮನುಷ್ಯನಾದರೋ 'ಸ್ವಲ್ಪ ಬಿಸಿ', 'ಸಾಕಷ್ಟು ಎತ್ತರ' ಎಂದು ಮಾತನಾಡುತ್ತಾನೆ. ಇಂಥ ಮಾತುಗಳಿಗೂ ಗಣಿತದಲ್ಲಿ ಸ್ಥಾನ ದೊರಕಿಸಿಕೊಟ್ಟ ವಿದ್ವಾಂಸರು ಪ್ರೊ. ಲುತ್ಫಿ ಅಲಿಅಸ್ಕರ್ ಝಾದೆ.

ಅವರು 1921ರ ಫೆಬ್ರವರಿ 4ರಂದು ಅಜರ್‌ಬೈಜಾನಿನ ಬಾಕು ನಗರದಲ್ಲಿ ಜನಿಸಿದರು. ತಂದೆ ಇರಾನ್ ಮೂಲದ ಪತ್ರಕರ್ತರು, ತಾಯಿ ಯಹೂದಿ ಮನೆತನದ ಮಕ್ಕಳ ವೈದ್ಯೆ. 1931ರಲ್ಲಿ ಕುಟುಂಬ ತೆಹ್ರಾನಿಗೆ ಬಂದಿತು. ಬಾಕುವಿನಲ್ಲಿ ರಷ್ಯನ್ ಭಾಷೆಯಲ್ಲಿ ಪಾಠ ಕೇಳಿದ್ದ ಹತ್ತು ವರ್ಷದ ಬಾಲಕ, ಅಮೆರಿಕದ ಮಿಷನರಿಗಳು ನಡೆಸುತ್ತಿದ್ದ ಅಲ್ಬೋರ್ಝ್ ಶಾಲೆಯಲ್ಲಿ ಫಾರಸಿ ಕಲಿತು ಓದು ಮುಂದುವರಿಸಿದ. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಇಡೀ ದೇಶಕ್ಕೆ ಮೂರನೇ ಸ್ಥಾನ ಗಳಿಸಿದ. 1942ರಲ್ಲಿ ತೆಹ್ರಾನ್ ವಿಶ್ವವಿದ್ಯಾಲಯದಿಂದ ವಿದ್ಯುತ್ ಎಂಜಿನಿಯರಿಂಗ್ ಪದವಿ ಪಡೆದರು.

ಮಹಾಯುದ್ಧದ ನಡುವೆಯೇ, 1944ರಲ್ಲಿ, ಅವರು ಅಮೆರಿಕ ಸೇರಿದರು. 1946ರಲ್ಲಿ ಎಂ.ಐ.ಟಿ.ಯಿಂದ ಸ್ನಾತಕೋತ್ತರ ಪದವಿ, 1949ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದು, ಅಲ್ಲೇ ಅಧ್ಯಾಪಕರಾದರು. 1959ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದು 1963ರಲ್ಲಿ ವಿಭಾಗದ ಮುಖ್ಯಸ್ಥರಾದರು. ಅವರ ಅವಧಿಯಲ್ಲೇ ಆ ವಿಭಾಗದ ಹೆಸರಿಗೆ 'ಕಂಪ್ಯೂಟರ್ ಸೈನ್ಸ್' ಎಂಬ ಮಾತು ಸೇರಿತು.

1965ರಲ್ಲಿ 'ಫಝಿ ಸೆಟ್ಸ್' ಎಂಬ ಪ್ರಬಂಧ ಪ್ರಕಟವಾಯಿತು. ಐದೂಮುಕ್ಕಾಲು ಅಡಿಯ ವ್ಯಕ್ತಿ ಎತ್ತರದವನೋ ಅಲ್ಲವೋ? 'ಹೌದು' ಅಥವಾ 'ಅಲ್ಲ' ಎನ್ನುವ ಬದಲು, ಆ ಗುಂಪಿಗೆ ಅವನು 0.7ರಷ್ಟು ಸೇರುತ್ತಾನೆ ಎನ್ನಬಹುದು. ಅವರ ವಿಚಾರದ ತಿರುಳು ಇಷ್ಟೇ. ಆದರೆ ಇದು ವಿಜ್ಞಾನಕ್ಕೆ ಬೇಕಾದ ಖಚಿತತೆಗೆ ವಿರುದ್ಧವೆಂದು ದೊಡ್ಡ ದೊಡ್ಡ ವಿದ್ವಾಂಸರೇ ಬಹಿರಂಗವಾಗಿ ಟೀಕಿಸಿದರು. ಝಾದೆಯವರು ಸಿಟ್ಟಾಗದೆ ಬರೆಯುತ್ತಲೇ ಹೋದರು. ಭಾರತದಲ್ಲಿ ಶಿಕ್ಷಣ ಪಡೆದಿದ್ದ ಇಬ್ರಾಹಿಂ ಮಮ್ದಾನಿಯವರು 1970ರ ದಶಕದಲ್ಲಿ ಲಂಡನ್ನಿನಲ್ಲಿ ಈ ತರ್ಕದಿಂದ ಉಗಿಯಂತ್ರವೊಂದನ್ನು ನಿಯಂತ್ರಿಸಿ ತೋರಿಸಿದರು. 1987ರಲ್ಲಿ ಜಪಾನಿನ ಸೆಂಡೈ ನಗರದ ಸುರಂಗ ರೈಲು ಇದೇ ತರ್ಕದಿಂದ ಓಡತೊಡಗಿತು. ಬಟ್ಟೆ ಒಗೆಯುವ ಯಂತ್ರ, ಅನ್ನ ಬೇಯಿಸುವ ಕುಕ್ಕರ್‌ಗಳಿಗೂ ಅದು ಬಂದಿತು. 1995ರಲ್ಲಿ ಐ.ಇ.ಇ.ಇ. ಸಂಸ್ಥೆ ತನ್ನ ಅತ್ಯುನ್ನತ ಪದಕವನ್ನು ಅವರಿಗೆ ನೀಡಿತು. ಪ್ರಬಂಧ ಪ್ರಕಟವಾಗಿ ಆಗ ಮೂವತ್ತು ವರ್ಷ ಕಳೆದಿತ್ತು! 2017ರ ಸೆಪ್ಟೆಂಬರ್ 6ರಂದು ನಿಧನರಾದ ಅವರು ಹುಟ್ಟೂರು ಬಾಕುವಿನ ಮಣ್ಣಿಗೇ ಸೇರಿದರು.

ನಮ್ಮಲ್ಲಿ ಉರ್ದುವಿನಲ್ಲಿ ಓದಿದ ಮಕ್ಕಳು ಹೈಸ್ಕೂಲಿಗೆ ಬಂದು ಕನ್ನಡ ಅಥವಾ ಇಂಗ್ಲಿಷ್ ಮಾಧ್ಯಮ ಸೇರಿದಾಗ ತತ್ತರಿಸುತ್ತಾರೆ. ಕೆಲವರು ಶಾಲೆಯನ್ನೇ ಬಿಡುತ್ತಾರೆ. ಅವರನ್ನು 'ಜಾಣ', 'ದಡ್ಡ' ಎಂಬ ಎರಡೇ ಪೆಟ್ಟಿಗೆಗಳಲ್ಲಿ ಹಾಕಬೇಡಿ. ರಷ್ಯನ್, ಫಾರಸಿ, ಇಂಗ್ಲಿಷ್ ಎಂದು ಮೂರು ಭಾಷೆಗಳನ್ನು ದಾಟಿ ಬಂದ ಝಾದೆಯವರ ಜೀವನವೂ ಅವರ ಗಣಿತವೂ ಶಿಕ್ಷಕರಿಗೆ, ಪಾಲಕರಿಗೆ ಹೇಳುವುದು ಇದನ್ನೇ. ವಿದ್ಯಾರ್ಥಿಗಳೇ, ಇಂದು ಅರ್ಧ ಅರ್ಥವಾದ ಪಾಠ ಸೊನ್ನೆಯಲ್ಲ. ಉಳಿದರ್ಧಕ್ಕೆ ನಾಳೆಯೂ ಶಾಲೆಗೆ ಬನ್ನಿ.